ಮಗ್ಗುಲು

ಫೋನಿನಲ್ಲಿ ಆಲ್ವಿಲ್ಡಾ. ತೊಂಬತ್ತೊಂದರ ದನಿ,
ಉಪ್ಪು ಹಾಕಿ ಒಣಗಿಸಿದ ಹಾಗೆ.
"ನಮ್ಮಣ್ಣ ನಿಮ್ಮ ಪುಟದಲ್ಲಿ ಅಡ್ಡ ಬಿದ್ದುಕೊಂಡಿದ್ದಾನಲ್ಲೇ ಸುನ್ವಾ,
ಜನ್ಮದಲ್ಲಿ ಹಗಲು ಮಲಗಿದವನಲ್ಲ ಅವನು."

ಮ್ಯೂಸಿಯಮ್ಮಿನ ಹಳೇ ಕಂಪ್ಯೂಟರಿನಲ್ಲಿ ತೆರೆದೆ. ನಿಜ.
ನನ್ನ ಪರದೆಯಲ್ಲಿ ನೆಟ್ಟಗೆ ನಿಂತವನು
ಇಲ್ಲಿ ಮಗ್ಗುಲಾಗಿದ್ದಾನೆ, ಟೋಪಿಯೂ ಬೀಳದೆ.
ಕೈಯಿಂದ ಜೋತ ಮೀನು ಮಾತ್ರ
ಈಗ ಸರಿಯಾಗಿ ಈಜುತ್ತಿದೆ.

ಚಿತ್ರದ ಬೆನ್ನಿಗೆ ಒಂದು ಚೀಟಿ ಇರುತ್ತದೆ, ನೋಡುವವರಿಗೆ ಕಾಣದ್ದು:
ಯಾವ ಕ್ಯಾಮೆರಾ, ಕಣ್ಣು ಎಷ್ಟು ತೆರೆದಿತ್ತು, ಎಷ್ಟು ಹೊತ್ತು,
ಮತ್ತೊಂದು ಅಂಕಿ. ಆರು ಎಂದರೆ
ತೋರಿಸುವವರು ಬಲಕ್ಕೆ ತಿರುಗಿಸಿಕೊಳ್ಳತಕ್ಕದ್ದು.
ಹೊಸ ಬ್ರೌಸರು ಓದಿ, ವಿನಯದಿಂದ ತಿರುಗಿಸುತ್ತದೆ.
ಹಳೆಯದು ಕೊಟ್ಟದ್ದನ್ನು ಕೊಟ್ಟ ಹಾಗೇ ಹಿಡಿಯುತ್ತದೆ.

ನನಗಿಂತ ಮುಂಚೆ ಈ ಮೀನುಪ್ಪಿನ ಗೋದಾಮಿನಲ್ಲಿ ಕೂತಿದ್ದವನು ಹಾನುಸ್.
ಎರಡು ಸಾವಿರ ಪಟಗಳನ್ನು ಒಂದೊಂದಾಗಿ ಮೇಜಿಗೆ ಹಾಸಿ
ಕುರ್ಚಿ ಹತ್ತಿ, ಬಗ್ಗಿ, ಕ್ಲಿಕ್ಕಿಸಿದನಂತೆ.
ನೆಲಕ್ಕೆ ಮುಖ ಮಾಡಿದ ಕ್ಯಾಮೆರಾಕ್ಕೆ
ಮೇಲೆ ಯಾವುದು ಕೆಳಗೆ ಯಾವುದು ಹೇಗೆ ತಿಳಿಯಬೇಕು?
ಅದು ಊಹಿಸಿತು.
ದಿನಾಂಕ ಯಾರೂ ತುಂಬಿರಲಿಲ್ಲ;
ನಮ್ಮೂರಿನ ಮದುವೆ, ದೋಣಿ, ಕುರಿಯ ಉಣ್ಣೆ, ಶವಯಾತ್ರೆ
ಎಲ್ಲ ಎಪ್ಪತ್ತರ ಜನವರಿ ಒಂದರಂದೇ
ಸಾಲಾಗಿ ನಡೆದುಹೋಗಿವೆ.
ಜಾಗದ ಖಾನೆಯಲ್ಲಿ ಸೊನ್ನೆ, ಸೊನ್ನೆ.
ನಕಾಶೆ ನಮ್ಮ ಸೂದುರೋಯ್ ದ್ವೀಪವನ್ನು ಎತ್ತಿ
ಆಫ್ರಿಕದ ಪಕ್ಕದ ಬೆಚ್ಚನೆ ಕಡಲಿಗೆ ಇಳಿಸಿದೆ.
ಮೊದಲ ಸಲ ನಮ್ಮ ಜನ
ಸ್ವೆಟರಿನೊಳಗೆ ಬೆವರಿರಬೇಕು.

ಮೂರು ವಾರ. ಹೊರಗೆ ಮಂಜು, ಒಳಗೆ ಕಾಫಿ.
ಅಂಕಿಯ ಮಾತು ಕೇಳಿ ಚಿತ್ರವನ್ನೇ ತಿರುಗಿಸಿದೆ,
ಅದರ ಊಹೆ ತಪ್ಪಿದ ಕಡೆ ನನ್ನ ಕಣ್ಣಳತೆ.
ಆಮೇಲೆ ಚೀಟಿ ಹರಿದೆ. ಹಗುರಾದವು. ಪುಟ ಬೇಗ ತೆರೆಯಿತು.

ಕೆಲವು ಆಗಲೂ ಬರಲಿಲ್ಲ,
ಮೂಲೆ ಹರಿದ ಕಾಗದದ ಗುರುತು ಅಷ್ಟೆ:
ಹೊಟ್ಟೆಗೆ ಓರೆಗೆರೆ ಎಳೆದುಕೊಂಡ ನಮ್ಮ ಅಕ್ಷರ
ಹೊಸ ಸರ್ವರಿಗೆ ಗೊತ್ತಿಲ್ಲ.
ಹಡಗಿನ ಹೆಸರು ಬ್ಯೋರ್ಗ್. ಪಾರುಮಾಡುವುದು ಎಂದರ್ಥ.
ಸಿಗಲಿಲ್ಲ, ಎಂದಿತು ಸರ್ವರು.
ಫೈಲಿನ ಹೆಸರು ಬದಲಿಸಿದೆ, ಗೆರೆಯಿಲ್ಲದ ಓ ಹಾಕಿ.
ಸಿಕ್ಕಿತು.
ನೋಡಿದರೆ ಹಡಗೇ ಅಡ್ಡ.
ಚೀಟಿಯಲ್ಲಿ ಅಂಕಿ ಒಂದು: ಇದ್ದ ಹಾಗೇ ಇರಲಿ.
ಇನ್ನೂರು ಸಲ ಸುಳ್ಳಾಡಿದ ಚೀಟಿ, ಈಗ ಯಾಕೆ ನಂಬಲಿ?
ಬೂದಿ ಬಾನು, ಬೂದಿ ನೀರು, ಯಾವುದು ಯಾವುದೋ.
ಎತ್ತಿ ನಿಲ್ಲಿಸಿದೆ.

ಮತ್ತೆ ಫೋನು.
"ಬ್ಯೋರ್ಗನ್ನು ಎಬ್ಬಿಸಿಬಿಟ್ಟೆಯಲ್ಲೇ.
ಬಂಡೆಗೆ ಬಿದ್ದ ರಾತ್ರಿಯಿಂದ ಒಂಬತ್ತು ದಿನ
ಊರ ಗಂಡಸರೆಲ್ಲ ಹಗ್ಗ ಹಾಕಿ ಜಗ್ಗಿದರು, ಕದಲಲಿಲ್ಲ."
ಆಮೇಲೆ, ಮೆತ್ತಗೆ, "ಅಣ್ಣ ಅದರಲ್ಲಿದ್ದ."

ಬ್ಯಾಕಪ್ ಡಿಸ್ಕು ತೆಗೆದೆ. ಹರಿಯದ ಚೀಟಿ.
ತೀರ ಕೆಳಗೆ, ಪುಟದಲ್ಲಿ ಎಂದೂ ಕಾಣದ ಖಾನೆಯಲ್ಲಿ
ಹಾನುಸನ ಎರಡು ಮಾತು:
ತಿರುಗಿಸಬೇಡಿ. ಇದು ಇರುವುದೇ ಹೀಗೆ.

ಮಲಗಿಸಿದೆ. ಫೋನು ಮಾಡಿ ಹೇಳಿದೆ.
"ಇಲ್ಲಿ ಇನ್ನೂ ನಿಂತೇ ಇದೆ," ಎಂದಳು.
ನಿಮ್ಮ ಕಂಪ್ಯೂಟರು ಹಳೆಯದನ್ನು ನೆನಪಿಟ್ಟುಕೊಂಡಿದೆ ಅಜ್ಜಿ,
ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಹೇಳಿಕೊಡುತ್ತೇನೆ,
ಇಲ್ಲದಿದ್ದರೆ ನಾಳೆ ಹೊತ್ತಿಗೆ ತಾನಾಗಿ ಮರೆಯುತ್ತದೆ.

ಆ ಕಡೆ ಕೆಟಲು ಕೂಗುತ್ತಿತ್ತು, ಅವಳು ಆರಿಸಲಿಲ್ಲ.
"ನಾಳೆ ತಾನೇ?" ಎಂದಳು.
"ಗುಂಡಿ ಬೇಡ."